ಲೆಚ್‌ವರ್ತ್‌ನಲ್ಲಿ ಹಳೆಯ ಮನೆ ಕೊಂಡ ಆರು ತಿಂಗಳು

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಕೇಂಬ್ರಿಡ್ಜ್ ಕಡೆಗೆ ಹೊರಡುವ ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆ ಕುಳಿತರೆ ಲೆಚ್‌ವರ್ತ್ ಎಂಬ ಊರು ಸಿಗುತ್ತದೆ. ವಾರಕ್ಕೆ ಮೂರು ದಿನ ಲಂಡನ್ನಿನ ಕಚೇರಿಗೆ ಹೋಗಬೇಕಾದ ನನಗೂ ಅದೇ ರೈಲುಮಾರ್ಗದ ಸ್ಟೀವನೇಜ್‌ನಲ್ಲಿ ಕೆಲಸ ಮಾಡುವ ನನ್ನ ಪತಿಗೂ ಅನುಕೂಲವಾಗುವ ಊರುಗಳನ್ನು ಪಟ್ಟಿ ಮಾಡಿಕೊಂಡು, 2024ರ ಜನವರಿಯಿಂದ ಪ್ರತಿ ಶನಿವಾರ ಮನೆ ನೋಡುತ್ತ ಹೊರಟೆವು. ಹನ್ನೊಂದನೆಯದಾಗಿ ನೋಡಿದ ಮನೆಯ ಮೇಲೆ ಮನಸ್ಸು ಕೂತಿತು. ನೋಡಿದ ದಿನದಿಂದ ಬೀಗದ ಕೈ ಕೈಗೆ ಬರುವವರೆಗೆ ಆರು ತಿಂಗಳು ಹಿಡಿಯಿತು. ಇಂಗ್ಲೆಂಡಿನಲ್ಲಿ ನೆಲೆಸಿ ಹಳೆಯ ಮನೆ ಕೊಳ್ಳಬೇಕೆಂದಿರುವ ಕನ್ನಡಿಗರಿಗೆ, ಅದರಲ್ಲೂ ಊರಿನಲ್ಲಿ ತಮ್ಮ ಹೆಸರಿಗೆ ಒಂದು ಫ್ಲ್ಯಾಟೋ ಮನೆಯೋ ಇರುವವರಿಗೆ, ಆ ಆರು ತಿಂಗಳ ವಿವರ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಮಾರಾಟದ ಜಾಹೀರಾತಿನಲ್ಲಿ ಅದನ್ನು ‘ಪೀರಿಯಡ್ ಫ್ಯಾಮಿಲಿ ಹೋಮ್’ ಎಂದು ಕರೆದಿದ್ದರು. ಇಲ್ಲಿನ ಮನೆ ವ್ಯಾಪಾರದ ಮಾತಿನಲ್ಲಿ ಪೀರಿಯಡ್ ಎಂದರೆ ಸಾಮಾನ್ಯವಾಗಿ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಕಟ್ಟಿದ್ದು ಎಂದು ಅರ್ಥ. ನಾವು ನೋಡಿದ್ದು 1910ರಲ್ಲಿ ಕಟ್ಟಿದ, ಒಂದು ಗೋಡೆಯನ್ನು ಪಕ್ಕದ ಮನೆಯೊಂದಿಗೆ ಹಂಚಿಕೊಂಡ, ಮೂರು ಮಲಗುವ ಕೋಣೆಗಳ ಮನೆ. ಹಳೆಯ ಮನೆಯ ವಿಶಿಷ್ಟ ಗುಣವೆಂಬ ಅರ್ಥದ ‘ಕ್ಯಾರೆಕ್ಟರ್’ ಎಂಬ ಮಾತು ಜಾಹೀರಾತಿನಲ್ಲಿ ನಾಲ್ಕು ಕಡೆ ಬಂದಿತ್ತು. ಮನೆಗೆ ಅಂಥ ಗುಣ ನಿಜವಾಗಿಯೂ ಇತ್ತು. ಆದರೆ ಆ ಗುಣದ ಒಂದೊಂದು ಅಂಶವೂ ಯಾರೋ ಒಬ್ಬರು ವರ್ಷವರ್ಷವೂ ನೋಡಿಕೊಳ್ಳಬೇಕಾದ ವಸ್ತುವೆಂಬುದನ್ನು ನಾನು ಸಾವಕಾಶವಾಗಿ ಕಲಿತೆ.

ಹಳೆಯ ಮನೆಯೇ ಬೇಕೆಂಬ ಹಟ ನನ್ನದು. ಬೆಂಗಳೂರಿನ ಮಲ್ಲೇಶ್ವರದಲ್ಲಿ ನನ್ನ ಅಜ್ಜನ ಮನೆಯಿತ್ತು. ಮಂಗಳೂರು ಹೆಂಚಿನ ಮಾಡು, ಕಿಟಕಿಯ ಮೇಲೆ ಮಂಕಿ ಟಾಪ್ ಎಂಬ ಮರದ ಕಿರುಮಾಡು, ಕೆಂಪು ಗಾರೆಯ ನೆಲ, ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಸುಣ್ಣದ ಗಾರೆಯ ಗೋಡೆ. ಅಜ್ಜ ತೀರಿಕೊಂಡ ಮೇಲೆ ಐದು ಮಕ್ಕಳಿಗೆ ಹಂಚಲು ಬೇರೆ ದಾರಿಯಿಲ್ಲವೆಂದು ಅದನ್ನು ಬಿಲ್ಡರ್ ಒಬ್ಬರಿಗೆ ಜಂಟಿ ಅಭಿವೃದ್ಧಿಗೆ ಕೊಟ್ಟರು. ಹತ್ತು ದಿನಗಳಲ್ಲಿ ಮನೆ ನೆಲಸಮವಾಯಿತು. ನಮ್ಮ ಪಾಲಿಗೆ ಬಂದ ಫ್ಲ್ಯಾಟನ್ನು ಅಪ್ಪ ನೇರವಾಗಿ ನನ್ನ ಹೆಸರಿಗೆ ಮಾಡಿಸಿದರು. ಈಗ ಅಪ್ಪ ಅಮ್ಮ ಅದರಲ್ಲೇ ಇದ್ದಾರೆ. ಆ ಫ್ಲ್ಯಾಟಿನ ಮಾತು ಈ ಕಥನದಲ್ಲಿ ಮತ್ತೆ ಬರಲಿದೆ.

ಊರಿನ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ಅದು ತಿಳಿಯದೆ ಈ ಮನೆಯನ್ನು ಕೊಳ್ಳುವ ಹಾಗೆಯೇ ಇರಲಿಲ್ಲ. ಲಂಡನ್ನಿನ ಕೊಳೆಗೇರಿಗಳನ್ನು ನೋಡಿ ಬೇಸತ್ತ ಎಬನೇಜರ್ ಹೋವರ್ಡ್ ಎಂಬ ಶೀಘ್ರಲಿಪಿಕಾರರು, ಹಳ್ಳಿಯ ಗಾಳಿಬೆಳಕು ಮತ್ತು ಪಟ್ಟಣದ ಉದ್ಯೋಗ ಎರಡೂ ಇರುವ ಹೊಸ ಊರುಗಳನ್ನು ಕಟ್ಟಬೇಕೆಂಬ ವಿಚಾರವನ್ನು 1898ರಲ್ಲಿ ಪುಸ್ತಕವಾಗಿ ಮುಂದಿಟ್ಟರು. (ಬೆಂಗಳೂರಿಗೆ ಪ್ಲೇಗು ಬಂದು, ಮಲ್ಲೇಶ್ವರ ಬಸವನಗುಡಿಗಳಿಗೆ ಜನ ಹೋಗಿ ನೆಲೆಸಲು ಕಾರಣವಾದದ್ದೂ 1898ರಲ್ಲಿಯೇ ಎಂಬುದು ನನಗೆ ಬಹಳ ಸಲ ನೆನಪಾಗುತ್ತದೆ.) 1903ರಲ್ಲಿ ಒಂದು ಕಂಪನಿ ರಚನೆಯಾಗಿ, 3,818 ಎಕರೆ ಹೊಲಗಳನ್ನು ಕೊಂಡು, ಜಗತ್ತಿನ ಮೊದಲ ಉದ್ಯಾನ ನಗರವಾಗಿ ಲೆಚ್‌ವರ್ತನ್ನು ಕಟ್ಟತೊಡಗಿತು. ಬ್ಯಾರಿ ಪಾರ್ಕರ್ ಮತ್ತು ರೇಮಂಡ್ ಅನ್ವಿನ್ ಎಂಬ ವಾಸ್ತುಶಿಲ್ಪಿಗಳು ಎಕರೆಗೆ ಸುಮಾರು ಹನ್ನೆರಡು ಮನೆಗಳಿಗಿಂತ ಹೆಚ್ಚಾಗದಂತೆ ನಕ್ಷೆ ಮಾಡಿದರು. ಹೋವರ್ಡರ ಯೋಜನೆಯ ಜೀವಾಳ ಮರಗಿಡಗಳಲ್ಲ, ನೆಲದ ಒಡೆತನ. ನೆಲ ಕಂಪನಿಯದೇ ಆಗಿದ್ದು ಜನ ಗುತ್ತಿಗೆಯ ಮೇಲೆ ಮನೆ ಕಟ್ಟಿಕೊಳ್ಳುವುದು, ಊರು ಬೆಳೆದಂತೆ ಏರುವ ನೆಲದ ಬೆಲೆ ಊರಿನ ಉಪಯೋಗಕ್ಕೇ ಹಿಂದಿರುಗುವುದು ಅವರ ಉದ್ದೇಶವಾಗಿತ್ತು. ಆ ಕಂಪನಿಯ ಆಸ್ತಿ ಕೈ ಬದಲಾಗುತ್ತ ಬಂದು, 1995ರಿಂದ ಹೆರಿಟೇಜ್ ಫೌಂಡೇಶನ್ ಎಂಬ ಸಂಸ್ಥೆಯ ವಶದಲ್ಲಿದೆ.

1967ರ ಗುತ್ತಿಗೆ ಸುಧಾರಣಾ ಕಾಯ್ದೆಯ ಪ್ರಕಾರ ಮನೆಗಳವರು ತಮ್ಮ ನೆಲವನ್ನು ಪೂರ್ತಿಯಾಗಿ ಕೊಂಡುಕೊಳ್ಳುವ ಹಕ್ಕು ಪಡೆದರು. ಆದರೆ ಅದೇ ಕಾಯ್ದೆಯಲ್ಲಿ, ಒಟ್ಟಾಗಿ ಯೋಜಿಸಿದ ಇಂಥ ಊರಿನ ರೂಪ ಕೆಡದಂತೆ ಕಾಯಲು ‘ಸ್ಕೀಮ್ ಆಫ್ ಮ್ಯಾನೇಜ್‌ಮೆಂಟ್’ ಎಂಬ ವ್ಯವಸ್ಥೆಗೂ ಅವಕಾಶವಿತ್ತು. ಆದ್ದರಿಂದ ಇಲ್ಲಿ ಮನೆ ನಿಮ್ಮ ಸ್ವಂತದ್ದೇ ಆದರೂ ಹೊರಗಿನ ಕಿಟಕಿ, ಬಾಗಿಲು, ಹೆಂಚು, ಮುಂದಿನ ಬೇಲಿ ಮೊದಲಾದವನ್ನು ಬದಲಿಸಬೇಕಿದ್ದರೆ, ಸ್ಥಳೀಯ ಆಡಳಿತದ ಅನುಮತಿ ಬೇಕಾದಲ್ಲಿ ಅದನ್ನು ಪಡೆಯುವುದಲ್ಲದೆ ಫೌಂಡೇಶನ್ನಿನ ಒಪ್ಪಿಗೆಯನ್ನೂ ಪ್ರತ್ಯೇಕವಾಗಿ ಪಡೆಯಬೇಕು. ಇದನ್ನು ಕೇಳಿ ಕೆಲವು ಸ್ನೇಹಿತರು ಹಿಂಜರಿದರು. ನಿನ್ನ ದುಡ್ಡು ಕೊಟ್ಟು ಕೊಂಡ ಮನೆಯ ಬಾಗಿಲನ್ನು ಇನ್ನೊಬ್ಬರನ್ನು ಕೇಳಿ ಹಾಕಿಸಬೇಕೆ ಎಂಬುದು ಅವರ ಪ್ರಶ್ನೆ. ನನಗೆ ಮಾತ್ರ ಅದೇ ಇಷ್ಟವಾಯಿತು. ಮಲ್ಲೇಶ್ವರದ ನಮ್ಮ ಬೀದಿಯಲ್ಲಿ ಇಂಥ ಕಟ್ಟುಪಾಡು ಒಂದಾದರೂ ಇದ್ದಿದ್ದರೆ, ಅಜ್ಜನ ಮನೆ ಯಾರ ಕೈಗಾದರೂ ಹೋಗಿ ಇಂದಿಗೂ ನಿಂತಿರುತ್ತಿತ್ತು.

ಮನೆಯನ್ನು ಮೊದಲ ಸಲ ನೋಡಿದ ದಿನ ಮಳೆ ಬರುತ್ತಿತ್ತು. ಹಳೆಯ ಮನೆಯನ್ನು ಮಳೆಯಲ್ಲೇ ನೋಡಬೇಕು ಎಂದು ಈಗ ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಚಾವಣಿಯ ಅಂಚಿನ ಮಳೆನೀರಿನ ದೋಣಿ ಎಲ್ಲಿ ತುಂಬಿ ಚೆಲ್ಲುತ್ತದೆ, ಗೋಡೆ ಎಲ್ಲಿ ನೆನೆಯುತ್ತದೆ ಎಂಬುದು ಬಿಸಿಲಿನಲ್ಲಿ ಕಾಣುವುದಿಲ್ಲ. ಇಳಿಜಾರಾದ ಕೆಂಪು ಹೆಂಚಿನ ಚಾವಣಿ, ಒರಟು ಗಾರೆ ಬಳಿದ ಬಿಳಿಯ ಗೋಡೆ, ಚಿಕ್ಕ ಚಿಕ್ಕ ಗಾಜುಗಳ ಕಿಟಕಿ, ಮುಂದೆ ಕಾಂಪೌಂಡ್ ಗೋಡೆಯ ಬದಲು ಗಿಡಗಳ ಬೇಲಿ. ಒಳಗೆ ನಡುಮನೆಯ ಬೆಂಕಿಗೂಡಿನ ಎರಡೂ ಬದಿಗೆ ಕೂರಲು ಮರದ ಕಟ್ಟೆಗಳಿದ್ದವು. ಮನೆಯ ಒಡತಿ ಎಂಬತ್ತು ದಾಟಿದ ಹಿರಿಯರು. ನಲವತ್ತೊಂದು ವರ್ಷ ಅಲ್ಲಿ ಬಾಳಿ, ಈಗ ನಾರ್ಫೋಕ್‌ನಲ್ಲಿರುವ ಮಗಳ ಹತ್ತಿರಕ್ಕೆ ಹೋಗುವವರಿದ್ದರು. ಒಂಬತ್ತು ವರ್ಷದ ನಮ್ಮ ಮಗಳು ಮೆಟ್ಟಿಲ ಕೆಳಗಿನ ಸಣ್ಣ ಗೂಡನ್ನು ನೋಡಿ ಅಲ್ಲಿಯೇ ಕುಳಿತುಬಿಟ್ಟಳು. ಒಡತಿ ಅವಳಿಗೆ ಆ ಗೂಡಿನ ಬಾಗಿಲು ಬೇಸಿಗೆಯಲ್ಲಿ ಬಿಗಿಯುತ್ತದೆಂದೂ ಎಳೆಯದೆ ಮೇಲೆತ್ತಿ ತೆರೆಯಬೇಕೆಂದೂ ತೋರಿಸಿಕೊಟ್ಟರು.

ಕೇಳಿದ ಬೆಲೆ 6,25,000 ಪೌಂಡ್. ನಾವು 5,95,000ಕ್ಕೆ ಕೇಳಿ, ಎರಡು ದಿನಗಳ ಮಾತುಕತೆಯ ನಂತರ 6,10,000ಕ್ಕೆ ಒಪ್ಪಂದವಾಯಿತು. ಒಪ್ಪಂದವೆಂದೆನಾದರೂ ಕಾನೂನಿನ ದೃಷ್ಟಿಯಲ್ಲಿ ಅದು ಒಪ್ಪಂದವೇ ಅಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ, ಎರಡೂ ಕಡೆಯವರು ಸಹಿ ಮಾಡಿದ ಕರಾರುಪತ್ರಗಳನ್ನು ಅವರವರ ವಕೀಲರು ಬದಲಿಸಿಕೊಳ್ಳುವ ‘ಎಕ್ಸ್‌ಚೇಂಜ್’ ಎಂಬ ಕ್ಷಣದವರೆಗೆ ಯಾರೂ ಯಾರಿಗೂ ಕಟ್ಟುಬಿದ್ದಿರುವುದಿಲ್ಲ. ಅಲ್ಲಿಯವರೆಗೆ ಮಾರುವವರು ಹೆಚ್ಚು ಕೊಡುವ ಇನ್ನೊಬ್ಬರ ಕಡೆಗೆ ತಿರುಗಬಹುದು, ಕೊಳ್ಳುವವರು ಕಾರಣ ಹೇಳದೆಯೇ ಹಿಂದೆ ಸರಿಯಬಹುದು. ಆದರೆ ಮನೆಯ ಸ್ಥಿತಿಯನ್ನು ತಪಾಸಣೆ ಮಾಡಿಸುವ ಸರ್ವೆಯ ಖರ್ಚು, ವಕೀಲರ ಖರ್ಚು, ಬ್ಯಾಂಕಿನ ಖರ್ಚು ಎಲ್ಲವೂ ಆ ಕ್ಷಣಕ್ಕೆ ಮುಂಚೆಯೇ ಆಗುತ್ತವೆ.

ಇದನ್ನು ಫೋನಿನಲ್ಲಿ ಅಪ್ಪನಿಗೆ ವಿವರಿಸಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. “ಅಡ್ವಾನ್ಸ್ ಕೊಟ್ಟಿಲ್ಲ, ಅಗ್ರಿಮೆಂಟ್ ಆಗಿಲ್ಲ, ಯಾವ ಧೈರ್ಯದ ಮೇಲೆ ದುಡ್ಡು ಹಾಕ್ತಾ ಇದ್ದೀಯಮ್ಮಾ?” ಎಂದರು. “ಇಲ್ಲಿ ಎಲ್ಲರೂ ಹೀಗೇ ಮಾಡೋದಪ್ಪಾ” ಎಂಬುದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ. ಈ ಪದ್ಧತಿ ಸರಿಯಲ್ಲವೆಂದೇ ಇಂದಿಗೂ ನನ್ನ ಅಭಿಪ್ರಾಯ. ಒಂದು ಕುಟುಂಬದ ಉಳಿತಾಯವೆಲ್ಲ ತೊಡಗುವ ವ್ಯವಹಾರದಲ್ಲಿ, ನಮ್ಮ ಕಡೆಯ ಟೋಕನ್ ಅಡ್ವಾನ್ಸಿನಷ್ಟಾದರೂ ಬದ್ಧತೆ ಮೊದಲ ದಿನದಿಂದಲೇ ಇರಬೇಕು.

ಹಳೆಯ ಮನೆ ಕೊಳ್ಳುವವರು ಉಳಿತಾಯ ಮಾಡಬಾರದ ಒಂದು ಕಡೆಯೆಂದರೆ ಸರ್ವೆ. ಸಾಲ ಕೊಡುವ ಬ್ಯಾಂಕು ತಾನೇ ಒಬ್ಬರನ್ನು ಕಳಿಸಿ ಬೆಲೆ ಕಟ್ಟಿಸುತ್ತದೆ. ಆದರೆ ಅದು ಬ್ಯಾಂಕಿನ ಸಲುವಾಗಿ, ತನ್ನ ಸಾಲಕ್ಕೆ ಆ ಮನೆ ಸಾಕಷ್ಟು ಆಧಾರವೇ ಎಂದು ನೋಡಲು ಮಾತ್ರ. ಮನೆಯ ಆರೋಗ್ಯ ತಿಳಿಯಬೇಕಾದರೆ ನಾವೇ ಚಾರ್ಟರ್ಡ್ ಸರ್ವೇಯರ್ ಒಬ್ಬರನ್ನು ಗೊತ್ತುಮಾಡಬೇಕು. ಇದರಲ್ಲಿ ಮೂರು ಹಂತಗಳಿದ್ದು, ಹಳೆಯ ಮನೆಗಳಿಗೆ ಮೂರನೆಯ ಹಂತದ ಸರ್ವೆ ತಕ್ಕದ್ದು. ನಾವು 1,150 ಪೌಂಡ್ ಕೊಟ್ಟೆವು. ಸರ್ವೇಯರ್ ಐದು ಗಂಟೆ ಕಾಲ ಮನೆಯನ್ನು ನೋಡಿ 68 ಪುಟಗಳ ವರದಿ ಕಳಿಸಿದರು. ಒಂದೊಂದು ಭಾಗಕ್ಕೂ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ 1, 2, 3 ಎಂಬ ಅಂಕಗಳಿದ್ದು, 3 ಎಂದರೆ ತಕ್ಷಣ ಗಮನ ಕೊಡಬೇಕಾದದ್ದು ಎಂದರ್ಥ. ನಮ್ಮ ವರದಿಯಲ್ಲಿ ಏಳು ಕೆಂಪು ಗುರುತುಗಳಿದ್ದವು.

ಹೆಂಚುಗಳು ಚೆನ್ನಾಗಿದ್ದರೂ ಅವುಗಳನ್ನು ಹಿಡಿದಿದ್ದ ಮೊಳೆಗಳು ತುಕ್ಕು ತಿಂದು ಹೆಂಚು ಜಾರತೊಡಗಿದ್ದವು. ಬೀದಿಯಿಂದ ಒಳಗೆ ಬರುವ ನೀರಿನ ಕೊಳವೆ ಸೀಸದ್ದು. ವಿದ್ಯುತ್ ತಂತಿಗಳ ಒಂದು ಭಾಗ ಹಳೆಯ ರಬ್ಬರಿನ ಹೊದಿಕೆಯದು. ಒಂದು ಕೋಣೆಯ ಚಾವಣಿಗೆ ಬಳಿದ ಅಲಂಕಾರದ ಲೇಪದಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಶಂಕೆ. ಆ ರಾತ್ರಿ ನಾನು, “ರೀ, ಇಷ್ಟೊಂದು ಕೆಂಪು ಇದೆಯಲ್ಲ, ಬಿಟ್ಟುಬಿಡೋಣವೇ?” ಎಂದು ಕೇಳಿದೆ. ಅವರು ವರದಿಯನ್ನು ಇನ್ನೊಮ್ಮೆ ಓದಿ, “ಕೆಂಪು ಎಷ್ಟಿದೆ ಅಂತ ನೋಡೋದು ಬೇಡ. ಯಾವುದು ಮುಂದೆ ಹಾಕಬಹುದು, ಯಾವುದು ಹಾಕಬಾರದು ಅಂತ ಬೇರೆ ಮಾಡೋಣ” ಎಂದರು. ಹಾಗೆ ಬೇರೆ ಮಾಡಿದ ಮೇಲೆ ನನಗೆ ಅರ್ಥವಾಗದೆ ಉಳಿದದ್ದು ತೇವದ ವಿಷಯ ಒಂದೇ. ಪೂರ್ವದ ಗೋಡೆಯ ಕೆಳಭಾಗದಲ್ಲಿ ಆಳೆತ್ತರಕ್ಕೆ ಸ್ವಲ್ಪ ಕಡಮೆ ತೇವವಿತ್ತು. ಮಾರುವವರು ಹಿಂದೊಮ್ಮೆ ಕರೆಸಿದ್ದ ತೇವನಿವಾರಣೆಯವರು ಗೋಡೆಗೆ ರಂಧ್ರ ಕೊರೆದು ರಾಸಾಯನಿಕ ತುಂಬಲು 4,000 ಪೌಂಡಿಗೂ ಹೆಚ್ಚು ಹೇಳಿದ್ದ ಪತ್ರವೂ ಇತ್ತು.

ಸರ್ವೇಯರಿಗೆ ಫೋನ್ ಮಾಡಿ ಕೇಳಿದೆ. ಅವರು ಅರ್ಧ ಗಂಟೆ ಮಾತಾಡಿದರು, ಆ ಅರ್ಧ ಗಂಟೆಯಲ್ಲಿ ನಾನು ಕಲಿತದ್ದು ಈ ಇಡೀ ಪ್ರಕ್ರಿಯೆಯಲ್ಲೇ ಅತ್ಯಂತ ಬೆಲೆಯುಳ್ಳದ್ದು. ಈಗಿನ ಮನೆಗಳ ಗೋಡೆ ಎರಡು ಪದರಗಳದಾಗಿದ್ದು ನಡುವೆ ಖಾಲಿ ಜಾಗವಿರುತ್ತದೆ. ನಮ್ಮ ಮನೆಯದು ಒಂಬತ್ತು ಅಂಗುಲದ ಒಂದೇ ಇಟ್ಟಿಗೆಯ ಗೋಡೆ, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಅಂಥ ಗೋಡೆ ಮಳೆಯಲ್ಲಿ ಸ್ವಲ್ಪ ನೀರು ಹೀರುತ್ತದೆ, ಬಿಸಿಲು ಗಾಳಿ ಬಂದಾಗ ಅದನ್ನು ಹೊರಗೆ ಬಿಡುತ್ತದೆ. ಸುಣ್ಣ ಆ ಹೋಗಿಬರುವಿಕೆಗೆ ದಾರಿ ಕೊಡುತ್ತದೆ. ಎಂದೋ ಯಾರೋ ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ಮೇಲೆ ಪ್ಲಾಸ್ಟಿಕ್ ಅಂಶದ ಬಣ್ಣ ಬಳಿದಿದ್ದರು. ಒಳಗೆ ಸೇರಿದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲವಾಯಿತು. ಇನ್ನೊಂದು ತೊಂದರೆಯೂ ಇತ್ತು. ನೆಲದ ತೇವ ಮೇಲೇರದಂತೆ ಗೋಡೆಯ ಬುಡದಲ್ಲಿ ಕಟ್ಟುವಾಗಲೇ ಸ್ಲೇಟಿನ ಪದರವೊಂದನ್ನು ಹಾಕಿದ್ದರು. ಹೊರಗಿನ ನೆಲ ಆ ಪದರಕ್ಕಿಂತ 150 ಮಿಲಿಮೀಟರ್ ಕೆಳಗಿರಬೇಕು. ಆದರೆ ಯಾರೋ ಗೋಡೆಯ ಪಕ್ಕದ ಕಾಲುದಾರಿಯನ್ನು ಕಾಂಕ್ರೀಟ್ ಹಾಕಿ ಎತ್ತರಿಸಿದ್ದರಿಂದ ನೀರು ಸ್ಲೇಟನ್ನು ದಾಟಿ ಗೋಡೆಗೆ ಹತ್ತುತ್ತಿತ್ತು. ಮರದ ನೆಲದ ಕೆಳಗೆ ಗಾಳಿಯಾಡಲು ಬಿಟ್ಟ ತೂತಿನ ಇಟ್ಟಿಗೆಗಳಲ್ಲಿ ಎರಡು ಅದೇ ಕಾಂಕ್ರೀಟಿನಲ್ಲಿ ಹೂತುಹೋಗಿದ್ದವು. ರಾಸಾಯನಿಕ ತುಂಬುವುದು ಬೇಡ, ಮೊದಲು ಕಾಂಕ್ರೀಟ್ ಒಡೆದು ನೆಲ ತಗ್ಗಿಸಿ, ಗಾಳಿಯ ಇಟ್ಟಿಗೆಗಳನ್ನು ಬಿಡಿಸಿ, ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ಮಾಡಿಸಿ, ಒಂದು ವರ್ಷ ಕಾದು ನೋಡಿ ಎಂದರು.

ಇದನ್ನು ಹೇಳಿದಾಗ ಅಪ್ಪನಿಗೆ ಎಲ್ಲವೂ ತಟ್ಟನೆ ತಿಳಿಯಿತು. ಅಜ್ಜನ ಮನೆಯ ಹಿಂಭಾಗದ ಗೋಡೆಗೂ ಹೀಗೆಯೇ ಸಿಮೆಂಟ್ ಬಳಿಸಿದ ಮೇಲೆ ಬೂಷ್ಟು ಹಿಡಿದು ಗಾರೆ ಹಪ್ಪಳಗಟ್ಟಿ ಬಿದ್ದದ್ದನ್ನು ಅವರು ನೆನಪಿಸಿಕೊಂಡರು. ಮನೆ ಹಳೆಯದಾಯಿತು, ಗೋಡೆ ಕೆಟ್ಟಿತು ಎಂದು ಎಲ್ಲರೂ ಆಗ ನಂಬಿದ್ದರು. ಅಜ್ಜನ ಮನೆಯನ್ನು ಕೆಡವಲು ಕೊಟ್ಟ ಕಾರಣಗಳಲ್ಲಿ ಆ ಗೋಡೆಯೂ ಒಂದಾಗಿತ್ತು. ಅಂದು ಅಪ್ಪ ಹೆಚ್ಚು ಹೊತ್ತು ಮಾತಾಡಲಿಲ್ಲ.

ವಕೀಲರ ಕೆಲಸ ಏಪ್ರಿಲಿನಲ್ಲಿ ಶುರುವಾಯಿತು. ಹಣ ಎಲ್ಲಿಂದ ಬಂತೆಂಬ ಪುರಾವೆಗೆ ನಮ್ಮ ಭಾರತದ ಠೇವಣಿಗಳ ದಾಖಲೆ ಕೊಡುವುದು, ಸ್ಥಳೀಯ ಆಡಳಿತ, ಚರಂಡಿ ಮತ್ತು ನೀರು, ಪರಿಸರ ಕುರಿತ ದಾಖಲೆಗಳ ಶೋಧಗಳು ಎಲ್ಲವೂ ಕ್ರಮವಾಗಿ ನಡೆದವು. ಮಾರುವವರು ತುಂಬಿಕೊಡುವ ಎರಡು ನಮೂನೆಗಳನ್ನು ಮಾತ್ರ ಎಲ್ಲರೂ ತಾವೇ ಓದಬೇಕು. ಒಂದರಲ್ಲಿ ನೆರೆಯವರೊಂದಿಗಿನ ತಕರಾರು, ಬೇಲಿಯ ಹೊಣೆ, ಹಿಂದೆ ಮಾಡಿಸಿದ ಕಟ್ಟಡದ ಕೆಲಸ, ಬೇಗ ಹಬ್ಬಿ ಅಸ್ತಿವಾರಕ್ಕೂ ತೊಂದರೆ ಕೊಡಬಲ್ಲ ಜಪಾನೀಸ್ ನಾಟ್‌ವೀಡ್ ಎಂಬ ಕಳೆಯ ವಿಷಯ ಇರುತ್ತವೆ. ಇನ್ನೊಂದರಲ್ಲಿ ಮನೆಯಲ್ಲಿ ಏನನ್ನು ಬಿಟ್ಟುಹೋಗುತ್ತಾರೆ, ಏನನ್ನು ಒಯ್ಯುತ್ತಾರೆ ಎಂಬುದನ್ನು ಪರದೆಯ ಕಂಬಿಯವರೆಗೆ ಬರೆಯಬೇಕು.

ಮೊದಲನೆಯ ನಮೂನೆಯಲ್ಲಿಯೇ ತೊಡಕು ಹೊರಬಿತ್ತು. 1990ರ ದಶಕದ ಕೊನೆಯಲ್ಲಿ ಮುಂಬಾಗಿಲನ್ನೂ ಹಿಂದಿನ ಎರಡು ಕಿಟಕಿಗಳನ್ನೂ ತೆಗೆಸಿ ಪ್ಲಾಸ್ಟಿಕ್ ಚೌಕಟ್ಟಿನವನ್ನು ಹಾಕಿಸಿದ್ದಾಗಿ ಒಡತಿ ಪ್ರಾಮಾಣಿಕವಾಗಿ ಬರೆದಿದ್ದರು. ಅದಕ್ಕೆ ಫೌಂಡೇಶನ್ನಿನ ಒಪ್ಪಿಗೆ ಪಡೆದ ಕಾಗದ ಮಾತ್ರ ಸಿಗಲಿಲ್ಲ. ಇಂಥ ಸಂದರ್ಭದಲ್ಲಿ ಇಲ್ಲಿನ ವಕೀಲರು ಸಾಮಾನ್ಯವಾಗಿ ಸೂಚಿಸುವುದು ನಷ್ಟಭರ್ತಿ ವಿಮೆಯನ್ನು. ಮಾರುವವರು ಒಂದೇ ಕಂತು ಕಟ್ಟಿದರೆ, ಮುಂದೆ ಯಾರಾದರೂ ಆ ಬದಲಾವಣೆಯ ವಿರುದ್ಧ ಕ್ರಮ ಕೈಗೊಂಡಾಗ ಆಗುವ ನಷ್ಟವನ್ನು ವಿಮೆ ತುಂಬುತ್ತದೆ. ಆದರೆ ಅದಕ್ಕೊಂದು ಷರತ್ತಿದೆ. ಒಪ್ಪಿಗೆ ಕೊಡಬೇಕಾದವರನ್ನು ಆ ವಿಷಯದಲ್ಲಿ ಒಮ್ಮೆ ಸಂಪರ್ಕಿಸಿದರೂ ವಿಮೆ ಸಿಗುವುದಿಲ್ಲ. ಅಂದರೆ ವಿಮೆ ಬೇಕೆನ್ನುವವರು ಸುಮ್ಮನಿರಬೇಕು. ಈ ಊರನ್ನು ನಾವು ಆರಿಸಿಕೊಂಡದ್ದೇ ಅದರ ಕಟ್ಟುಪಾಡಿನ ಸಲುವಾಗಿ, ಹಾಗಿರುವಾಗ ಮೊದಲ ಹೆಜ್ಜೆಯನ್ನೇ ಮರೆಯಲ್ಲಿ ಇಡುವುದು ನನಗೆ ಒಗ್ಗಲಿಲ್ಲ. ಪತಿಯೂ ಒಪ್ಪಿದರು. ವಿಮೆ ಬೇಡವೆಂದೂ, ಬಾಗಿಲನ್ನೂ ಕಿಟಕಿಗಳನ್ನೂ ಒಪ್ಪಿಗೆ ಪಡೆದು ಮರದವಕ್ಕೆ ಬದಲಿಸುವ ಹೊಣೆಯನ್ನು ನಾವೇ ಹೊರುತ್ತೇವೆಂದೂ, ಅದಕ್ಕೂ ಸರ್ವೆಯಲ್ಲಿ ಕಂಡ ಚಾವಣಿಯ ಕೆಲಸಕ್ಕೂ ಸೇರಿ ಹತ್ತು ಸಾವಿರ ಪೌಂಡ್ ಬೆಲೆಯಲ್ಲಿ ಇಳಿಸಬೇಕೆಂದೂ ಕೇಳಿದೆವು. ಮೂರು ದಿನಗಳಲ್ಲಿ ಒಡತಿ ಒಪ್ಪಿದರು. ಬೆಲೆ 6,00,000ಕ್ಕೆ ನಿಂತಿತು.

ಮೇ ತಿಂಗಳಲ್ಲಿ ‘ಚೈನ್’ ಮುರಿಯಿತು. ಒಡತಿ ನಾರ್ಫೋಕ್‌ನಲ್ಲಿ ಕೊಳ್ಳಬೇಕಿದ್ದ ಒಂದೇ ಅಂತಸ್ತಿನ ಮನೆಯವರು ಅನಾರೋಗ್ಯದ ಕಾರಣದಿಂದ ಮಾರುವುದನ್ನು ಕೈಬಿಟ್ಟರು. ಇಲ್ಲಿ ಒಬ್ಬರ ಮಾರಾಟ ಇನ್ನೊಬ್ಬರ ಕೊಳ್ಳುವಿಕೆಗೆ, ಅದು ಮತ್ತೊಬ್ಬರದಕ್ಕೆ ಸರಪಳಿಯಂತೆ ಹೆಣೆದುಕೊಂಡಿದ್ದು ಎಲ್ಲರೂ ಒಂದೇ ದಿನ ಮನೆ ಬದಲಿಸುವುದು ರೂಢಿ. ಎಲ್ಲೋ ಒಂದು ಕೊಂಡಿ ಕಳಚಿದರೆ ಎಲ್ಲವೂ ನಿಲ್ಲುತ್ತದೆ. ಐದು ವಾರ ಏನೂ ನಡೆಯಲಿಲ್ಲ. ನಮ್ಮ ಸಾಲದ ಮಂಜೂರಾತಿಗೆ ಆರು ತಿಂಗಳ ಅವಧಿಯಿತ್ತು, ಬಾಡಿಗೆ ಮನೆಯ ಕರಾರು ಆಗಸ್ಟಿಗೆ ಮುಗಿಯುವುದಿತ್ತು. ಆ ದಿನಗಳಲ್ಲಿ ನಾನು ಬೇರೆ ಮನೆಗಳನ್ನೂ ನೋಡಿದೆ, ಒಂದೂ ಹಿಡಿಸಲಿಲ್ಲ. ಕೊನೆಗೆ ಜೂನ್ ಮಧ್ಯದಲ್ಲಿ ಒಡತಿ, ಸದ್ಯಕ್ಕೆ ಮಗಳ ಮನೆಯಲ್ಲೇ ಇದ್ದು ನಿಧಾನವಾಗಿ ಮನೆ ಹುಡುಕುತ್ತೇನೆಂದು ತೀರ್ಮಾನಿಸಿ ಚೈನಿನಿಂದ ಹೊರಬಂದರು. ಆ ವಯಸ್ಸಿನಲ್ಲಿ ಎರಡು ಸಲ ಮನೆ ಬದಲಿಸುವ ಕಷ್ಟವನ್ನು ಅವರು ಮೈಮೇಲೆ ಹಾಕಿಕೊಂಡದ್ದಕ್ಕೆ ನಾನು ಅವರಿಗೆ ಋಣಿ.

ಆಗ ಬಂದದ್ದು ಫ್ಲ್ಯಾಟಿನ ಪ್ರಶ್ನೆ. ತೆರಿಗೆಯ ಲೆಕ್ಕ ಹಾಕಲು ವಕೀಲರ ಕಚೇರಿಯಿಂದ ಬಂದ ನಮೂನೆಯಲ್ಲಿ, ನಿಮಗೆ ಅಥವಾ ನಿಮ್ಮ ಸಂಗಾತಿಗೆ ಜಗತ್ತಿನ ಯಾವುದೇ ಭಾಗದಲ್ಲಿ ಬೇರೆ ಮನೆಯಿದೆಯೇ ಎಂದು ಕೇಳಿದ್ದರು. ಇಲ್ಲಿಯವರೆಗೆ ನಾವು ಮೊದಲ ಸಲ ಮನೆ ಕೊಳ್ಳುವವರೆಂದೇ ತಿಳಿದು ಲೆಕ್ಕ ಹಾಕಿಕೊಂಡಿದ್ದೆವು. ಅಂದಿನ ದರದಂತೆ ಮೊದಲ ಸಲದವರಿಗೆ 4,25,000 ಪೌಂಡಿನವರೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ಅದರ ಮೇಲಿನದಕ್ಕೆ ಶೇ. 5. ಆರು ಲಕ್ಷದ ಮನೆಗೆ 8,750 ಪೌಂಡ್. ಆದರೆ ಮೊದಲ ಸಲವೆಂದರೆ ಇಂಗ್ಲೆಂಡಿನಲ್ಲಿ ಮೊದಲ ಸಲ ಎಂದಲ್ಲ. ಜಗತ್ತಿನಲ್ಲೆಲ್ಲೂ ಎಂದೂ ಮನೆಯ ಒಡೆತನ ಇದ್ದಿರಬಾರದು, ಉಡುಗೊರೆಯಾಗಿ ಅಥವಾ ಪಿತ್ರಾರ್ಜಿತವಾಗಿ ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. ಮಲ್ಲೇಶ್ವರದ ಫ್ಲ್ಯಾಟಿನಿಂದಾಗಿ ಆ ರಿಯಾಯಿತಿ ಹೋಯಿತು. ಸಾಮಾನ್ಯ ದರದಲ್ಲಿ 17,500 ಪೌಂಡ್. ಅಷ್ಟಕ್ಕೇ ಮುಗಿಯಲಿಲ್ಲ. 40,000 ಪೌಂಡ್ ಅಥವಾ ಹೆಚ್ಚು ಬೆಲೆಯ ಇನ್ನೊಂದು ಮನೆ ಇರುವವರು, ತಾವು ವಾಸವಿದ್ದ ಸ್ವಂತ ಮನೆಯನ್ನು ಮಾರಿ ಅದರ ಬದಲಿಗೆ ಕೊಳ್ಳುತ್ತಿಲ್ಲವಾದರೆ, ಇಡೀ ಬೆಲೆಯ ಮೇಲೆ ಆಗ ಶೇ. 3ರಷ್ಟು ಹೆಚ್ಚುವರಿ ಕಟ್ಟಬೇಕಿತ್ತು. ಅದು 18,000. ಒಟ್ಟು 35,500 ಪೌಂಡ್, ನಾವು ಎತ್ತಿಟ್ಟುಕೊಂಡದ್ದಕ್ಕಿಂತ 26,750 ಹೆಚ್ಚು.

ಮನೆಯನ್ನು ಪತಿಯ ಹೆಸರಿನಲ್ಲಷ್ಟೇ ಕೊಂಡರೆ ಹೇಗೆ ಎಂದು ಕೇಳಿದೆವು. ಒಟ್ಟಿಗೆ ಬಾಳುವ ಗಂಡಹೆಂಡಿರನ್ನು ಈ ತೆರಿಗೆಯ ಮಟ್ಟಿಗೆ ಒಂದಾಗಿಯೇ ನೋಡುತ್ತಾರೆ, ಆದ್ದರಿಂದ ಪ್ರಯೋಜನವಿಲ್ಲ ಎಂದರು. ಮನೆ ನಮ್ಮ ಕೈಗೆ ಬರುವ ದಿನ ಮುಗಿಯುವುದರೊಳಗೆ ಫ್ಲ್ಯಾಟು ನನ್ನ ಹೆಸರಿನಲ್ಲಿ ಇಲ್ಲದಿದ್ದರೆ ಹೆಚ್ಚುವರಿ ತೆರಿಗೆ ತಪ್ಪುತ್ತಿತ್ತು. ಅಪ್ಪ ತಕ್ಷಣವೇ, “ನನ್ನ ಹೆಸರಿಗೆ ವಾಪಸ್ ಮಾಡಿಬಿಡಮ್ಮಾ, ನನಗೇನೂ ಬೇಜಾರಿಲ್ಲ” ಎಂದರು. ಅದಕ್ಕೆ ನಾನು ಬೆಂಗಳೂರಿಗೆ ಹೋಗಬೇಕಿತ್ತು, ಇಲ್ಲವೇ ಅಧಿಕಾರಪತ್ರ ಮಾಡಿಸಿ ಕಳಿಸಿ ದಾನಪತ್ರ ನೋಂದಣಿಯಾಗುವವರೆಗೆ ಕಾಯಬೇಕಿತ್ತು. ಮೊದಲೇ ಐದು ವಾರ ಕಳೆದುಕೊಂಡಿದ್ದ ನಮಗೆ ಸಾಲದ ಅವಧಿಯೊಳಗೆ ಅದು ಮುಗಿಯುವ ಭರವಸೆ ಇರಲಿಲ್ಲ. ಕಟ್ಟಿಬಿಡೋಣವೆಂದು ನಿರ್ಧರಿಸಿದೆವು. ಕಾರು ಬದಲಿಸುವುದನ್ನು ಕೈಬಿಟ್ಟೆವು, ಅಡುಗೆಮನೆ ಹೊಸದು ಮಾಡಿಸುವ ಮಾತು ಬಿಟ್ಟೆವು, ಠೇವಣಿಯೊಂದನ್ನು ಅವಧಿಗೆ ಮುಂಚೆ ಮುರಿಸಿದೆವು. ಅಜ್ಜನ ಮನೆ ಕೆಡವಿ ಬಂದ ಫ್ಲ್ಯಾಟು, ಇನ್ನೊಂದು ಹಳೆಯ ಮನೆಯ ಮೇಲೆ ಇಷ್ಟು ದೊಡ್ಡ ತೆರಿಗೆಯಾಗಿ ಬಂದು ಕೂತದ್ದು ನನ್ನ ಮನಸ್ಸನ್ನು ಹಲವು ದಿನ ಕೊರೆಯಿತು.

ಈಗ ಕೊಳ್ಳುವವರಿಗೆ ಭಾರ ಇನ್ನೂ ಹೆಚ್ಚು. 2024ರ ಅಕ್ಟೋಬರ್ 31ರಿಂದ ಆ ಹೆಚ್ಚುವರಿ ಶೇ. 5ಕ್ಕೆ ಏರಿದೆ, 2025ರ ಏಪ್ರಿಲ್ 1ರಿಂದ ತೆರಿಗೆಯಿಲ್ಲದ ಮಿತಿ 2,50,000ದಿಂದ 1,25,000ಕ್ಕೆ ಇಳಿದಿದೆ. ನಮ್ಮದೇ ಮನೆಗೆ ಈ ದರದಲ್ಲಿ 50,000 ಪೌಂಡ್ ಕಟ್ಟಬೇಕಾಗುತ್ತಿತ್ತು. ಊರಿನಲ್ಲಿ ಆಸ್ತಿಯಿರುವವರು ಇಲ್ಲಿ ಮನೆ ನೋಡಲು ಹೊರಡುವ ಮೊದಲೇ ಈ ಒಂದು ಪ್ರಶ್ನೆಯನ್ನು ವಕೀಲರ ಮುಂದಿಡಬೇಕು. ಆಸ್ತಿಯ ಸ್ವರೂಪ, ಪಾಲಿನ ಪ್ರಮಾಣ, ಅದು ಬಂದ ಕಾಲ ಇವುಗಳ ಮೇಲೆ ಉತ್ತರ ಬದಲಾಗುತ್ತದೆ.

ಜುಲೈ 26ರಂದು ಶೇ. 10ರಷ್ಟು ಹಣ ಕಟ್ಟಿ ಎಕ್ಸ್‌ಚೇಂಜ್ ಆಯಿತು. ಆ ಗಳಿಗೆಯಿಂದ ಮನೆಗೆ ಏನಾದರೂ ಆದರೆ ಹೊಣೆ ಕೊಳ್ಳುವವರದೇ ಆಗುವುದರಿಂದ, ಬೀಗದ ಕೈ ಇಲ್ಲದ ಮನೆಗೆ ಅಂದೇ ವಿಮೆ ಮಾಡಿಸಿದೆವು. ಉಳಿದ ಹಣವನ್ನು ವಕೀಲರ ಖಾತೆಗೆ ಕಳಿಸುವ ಮುನ್ನ, ಇಮೇಲಿನಲ್ಲಿ ಬಂದ ಖಾತೆಯ ಸಂಖ್ಯೆಯನ್ನು ಅವರ ಕಚೇರಿಗೆ ನಾನೇ ಫೋನ್ ಮಾಡಿ ಅಂಕಿ ಅಂಕಿ ಓದಿಸಿಕೊಂಡೆ, ಏಕೆಂದರೆ ಇಮೇಲನ್ನು ಕದ್ದು ಖಾತೆಯ ಸಂಖ್ಯೆ ಬದಲಿಸುವ ಮೋಸ ಇಲ್ಲಿ ನಡೆಯುತ್ತದೆ. ಆಗಸ್ಟ್ 9ರ ಮಧ್ಯಾಹ್ನ ಹನ್ನೆರಡೂವರೆಗೆ ಹಣ ತಲುಪಿತೆಂದು ಏಜೆಂಟರು ಫೋನ್ ಮಾಡಿದರು. ಬೀಗದ ಕೈ ತಂದು ಬಾಗಿಲು ತೆರೆದಾಗ ಖಾಲಿ ನಡುಮನೆಯಲ್ಲಿ ತೇವದ ವಾಸನೆಯೂ ಮರಕ್ಕೆ ಬಳಿದ ಮೇಣದ ವಾಸನೆಯೂ ಸೇರಿದ್ದವು. ಹಾಲು ಉಕ್ಕಿಸಿ, ದೀಪ ಹಚ್ಚಿ, ಅಪ್ಪ ಅಮ್ಮನಿಗೆ ವಿಡಿಯೋದಲ್ಲಿ ಒಂದೊಂದೇ ಕೋಣೆ ತೋರಿಸಿದೆವು. ಅಪ್ಪ ಪೂರ್ವದ ಗೋಡೆಯ ಹತ್ತಿರ ಫೋನ್ ಹಿಡಿಯಲು ಹೇಳಿ, ಬೆರಳ ಗಣ್ಣಿನಿಂದ ತಟ್ಟಿಸಿ, ಎಲ್ಲಿ ಪೊಳ್ಳು ಸದ್ದು ಬರುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಸಿದರು.

ಸೆಪ್ಟೆಂಬರಿನಲ್ಲಿ ಕಾಂಕ್ರೀಟ್ ದಾರಿಯನ್ನು ಒಡೆಸಿ ನೆಲ ತಗ್ಗಿಸಿ ಜಲ್ಲಿ ಹಾಕಿಸಿದೆವು. ಗಾಳಿಯ ಇಟ್ಟಿಗೆಗಳೆರಡೂ ಮುರಿಯದೆ ಹೊರಬಂದವು. ಬಾಗಿಲಿಗೆ ಅರ್ಜಿ ಹಾಕಲು ಮೊದಲು ಏನಿತ್ತೆಂದು ತಿಳಿಯಬೇಕಿತ್ತು. ಪಕ್ಕದ ಮನೆಯಲ್ಲಿ 1910ರ ಮೂಲ ಬಾಗಿಲೇ ಉಳಿದಿತ್ತು. ಆ ಮನೆಯವರ ಒಪ್ಪಿಗೆ ಪಡೆದು ಪತಿ ಅದನ್ನು ಅಳೆದರು. ಉದ್ದನೆಯ ಆರು ಹಲಗೆಗಳು, ಮೇಲೆ ಚೌಕಾಕಾರದ ಒಂದು ಸಣ್ಣ ಗಾಜು, ಕಬ್ಬಿಣದ ಉದ್ದ ಕೀಲುಗಳು. ಅಳತೆಯೊಂದಿಗೆ ಚಿತ್ರ ಬರೆದು, ಫೋಟೋ ಲಗತ್ತಿಸಿ ಅರ್ಜಿ ಕೊಟ್ಟೆವು. ಒಪ್ಪಿಗೆ ಬಂದ ಮೇಲೆ ಊರಿನ ಬಡಗಿಯೊಬ್ಬರು ಓಕ್ ಮರದಲ್ಲಿ ಬಾಗಿಲು ಮಾಡಿ ಮಾರ್ಚಿನ ಮೊದಲ ವಾರ ನಿಲ್ಲಿಸಿದರು. ಗೋಡೆಯ ಸಿಮೆಂಟ್ ಕೆತ್ತಿಸಿ ಸುಣ್ಣದ ಗಾರೆ ಮಾಡಿಸುವುದಕ್ಕೆ ಹಿಮ ಬೀಳುವ ಕಾಲ ಕಳೆಯಬೇಕಾದ್ದರಿಂದ ಅದನ್ನು ಮೇ ತಿಂಗಳಿಗೆ ಗೊತ್ತುಮಾಡಿದ್ದೇವೆ. ಹೆಂಚು ಇಳಿಸಿ ಹೊಸ ಮೊಳೆ ಹೊಡೆಸುವುದು ಅದರ ಮುಂದಿನ ವರ್ಷಕ್ಕೆ.